ದ್ವೀಪದ ಐದನೆಯವರು

3 ಆಗಸ್ಟ್

ಅತ್ತೆಗೆ,

ನಮಸ್ಕಾರ. ನನ್ನಿಂದ ಕಾಗದ ಬಂದು ಐದು ತಿಂಗಳಾಯಿತು ಎಂದು ನೀವು ಬೆರಳು ಮಡಚಿ ಎಣಿಸಿರುತ್ತೀರಿ. ಹಡಗು ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಎರಡು ಸಲ ಬಂತು. ಎರಡು ಸಲವೂ ‘ಅತ್ತೆಗೆ’ ಎಂದು ಬರೆದು, ಮುಂದಿನ ಸಾಲು ಹೊಳೆಯದೆ ಎದ್ದುಬಿಟ್ಟೆ.

ಈ ಸಲ ಹೇಳಲು ವಿಷಯವಿದೆ. ಇಲ್ಲಿಯ ಬೇಸಿಗೆಯಲ್ಲಿ, ಅಂದರೆ ಜನವರಿಯ ಹೊತ್ತಿಗೆ, ಪ್ರವಾಸಿಗರ ಹಡಗೊಂದು ನಮ್ಮ ದ್ವೀಪಕ್ಕೆ ಬರುತ್ತದೆ. ತೊಂಬತ್ತು ಜನ, ಹದಿನೆಂಟು ದಿನದ ಯಾನ. ಹಕ್ಕಿ, ಸೀಲ್, ಪೆಂಗ್ವಿನ್ ನೋಡಲೆಂದೇ ಬರುವವರು. ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ರಬ್ಬರ್ ದೋಣಿಗಳಲ್ಲಿ ಹತ್ತು ಹತ್ತು ಜನರನ್ನು ದಡಕ್ಕೆ ತರುತ್ತಾರೆ. ಮೂರು ಗಂಟೆ ಇರಬಹುದು, ಅದೂ ಸಮುದ್ರ ಒಪ್ಪಿದರೆ. ಆ ಹಡಗಿನಲ್ಲಿ ಪ್ರತಿ ವರ್ಷ ಒಂದು ಹಾಸಿಗೆಯನ್ನು ಇಲ್ಲಿ ಕೆಲಸ ಮಾಡುವವರ ಮನೆಯವರಿಗೆಂದು ಬಿಟ್ಟುಕೊಡುತ್ತಾರೆ. ಚೀಟಿ ಎತ್ತಿದಾಗ ಈ ವರ್ಷ ನನಗೆ ಬಂತು. ಫಾರಂನಲ್ಲಿ ‘ಅತಿ ಹತ್ತಿರದ ಸಂಬಂಧಿ’ ಎಂಬ ಜಾಗವಿತ್ತು. ನನ್ನನ್ನು ಸಾಕಿದ ಅಜ್ಜಿ ಹೋದ ಮೇಲೆ ನನ್ನ ಕಡೆಯವರು ಯಾರೂ ಉಳಿದಿಲ್ಲ, ನಿಮಗೆ ಗೊತ್ತು. ನಿಮ್ಮ ಹೆಸರು ಬರೆದೆ. ಅಜ್ಜಿ ಇದ್ದಿದ್ದರೂ ಬಹುಶಃ ಅದನ್ನೇ ಬರೆಯುತ್ತಿದ್ದೆ.

ಈ ಸಂಶೋಧನಾ ಠಾಣೆಯಲ್ಲಿ ನಾವು ಐವರಿದ್ದೇವೆ. ಅಡುಗೆಯಾತ ಹಿಟ್ಟಿನ ಡಬ್ಬಿಗೆ ಬೀಗ ಹಾಕಿ ಕೀಲಿಕೈ ಕಳೆದುಕೊಂಡಿದ್ದಾನೆ. ಹವಾಮಾನ ನೋಡುವಾಕೆ ದಿನಕ್ಕೆರಡು ಸಲ ಬಲೂನು ಬಿಟ್ಟು ಅದು ಕಣ್ಮರೆಯಾಗುವವರೆಗೂ ಮಗುವನ್ನು ಶಾಲೆಗೆ ಕಳಿಸಿದವಳ ಹಾಗೆ ನಿಂತಿರುತ್ತಾಳೆ. ಠಾಣೆಯ ಹಿರಿಯರು ಚಹಾ ಕುಡಿಯುವಾಗ ಯಾರೂ ಉಸಿರೆತ್ತುವಂತಿಲ್ಲ. ನಾನು ಹಕ್ಕಿ ಎಣಿಸುತ್ತೇನೆ.

ಬನ್ನಿ ಎಂದು ಒತ್ತಾಯಿಸುವ ಸಲಿಗೆಯನ್ನು ನಾನೇ ಕಳೆದುಕೊಂಡಿದ್ದೇನೆ. ಬಂದರೆ ಸಂತೋಷ.

ನಿಮ್ಮ
ಸೊಸೆ

20 ಸೆಪ್ಟೆಂಬರ್

ಸೊಸೆಗೆ,

ಕಾಗದ ತಲುಪಿತು. ಎರಡು ಸಲ ಓದಿದೆ. ಮೂರನೆಯ ಸಲ ಕೆಳಮನೆ ಟೀಚರ್ ಗಟ್ಟಿಯಾಗಿ ಓದಿದರು, ನಾನು ಕೇಳದಿದ್ದರೂ.

ಮೊದಲೇ ಹೇಳಿಬಿಡುತ್ತೇನೆ, ನಾನು ಬರುವುದಿಲ್ಲ. ಮೂರು ಗಂಟೆಯ ಮಾತಿಗೆ ಒಂಬತ್ತು ದಿನ ನೀರಿನ ಮೇಲೆ ಹೋಗಿ, ಒಂಬತ್ತು ದಿನ ವಾಪಸ್ ಬರುವುದೇ? ನನಗೆ ಬಸ್ಸಿನ ಹಿಂದಿನ ಸೀಟೇ ಆಗದು. ಇಲ್ಲಿದ್ದಾಗ ನೀನು ಕಾಲೇಜಿನ ಪ್ರಯೋಗಾಲಯದಿಂದ ಸಂಜೆ ಆರಕ್ಕೆ ಬರುತ್ತಿದ್ದೆ, ಆಗ ಮಾತಾಡಬಹುದಿತ್ತು. ಆಡಲಿಲ್ಲ. ನಾನೂ ಆಡಲಿಲ್ಲ.

ನನ್ನ ಮಗ ಕಾರ್ಖಾನೆಯಲ್ಲಿ ಲೇತ್ ಮಿಷನ್ ಮುಂದೆ ನಿಂತಿದ್ದವನು ಹಾಗೆಯೇ ಕುಸಿದು ಹೋಗಿಬಿಟ್ಟ ಎಂದು ಫೋನ್ ಬಂದಾಗ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿದ್ದೆವು. ಅಲ್ಲಿಂದ ನಾಲ್ಕು ತಿಂಗಳು ನೀನು ನಿನ್ನ ಕೋಣೆಯಲ್ಲಿ ಅಳುತ್ತಿದ್ದೆ, ನಾನು ನನ್ನ ಕೋಣೆಯಲ್ಲಿ. ನಡುವೆ ಇದ್ದದ್ದು ಒಂದೇ ಗೋಡೆ. ಐದನೆಯ ತಿಂಗಳು ನೀನು ಪೆಟ್ಟಿಗೆ ಕಟ್ಟಿದೆ. ಜನ ಊರು ಬಿಟ್ಟು ಇನ್ನೊಂದು ಊರಿಗೆ ಹೋಗುತ್ತಾರೆ, ನೀನು ಊರೇ ಇಲ್ಲದ ಕಡೆಗೆ ಹೋದೆ. ನೀನು ಹೊರಟ ದಿನ ನಾನು ಬಾಗಿಲಿಗೆ ಬರಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ. ಒಗೆಯುವುದೇನೂ ಇರಲಿಲ್ಲ.

ಇನ್ನೊಂದು ಮಾತು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಹೊದಿಕೆ ಎಣಿಸಿದವಳು ನಾನು. ಐವರು ಎಂದು ಬರೆದು ನಾಲ್ವರನ್ನು ಕೊಟ್ಟಿದ್ದೀ. ಐದನೆಯವರು ಯಾರು?

ಅತ್ತೆ

ಹಡಗಿನವರು ಬೂಟಿನ ಅಳತೆ ಕೇಳಿದ್ದರು. ಮೂವತ್ತೇಳು ಎಂದು ತಿಳಿಸಿದ್ದೇನೆ. ತಿಳಿಸಿದ ಮಾತ್ರಕ್ಕೆ ಬರುತ್ತೇನೆ ಎಂದಲ್ಲ. ವಾಂತಿ ನಿಲ್ಲುವ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೋ ಆಮೇಲೋ, ಬರಿ.

2 ನವೆಂಬರ್

ಅತ್ತೆಗೆ,

ಊಟಕ್ಕೆ ಮೊದಲು. ಅರ್ಧ ಗಂಟೆ ಮೊದಲು.

ನಿಮ್ಮ ಕಾಗದದ ಕೊನೆಯ ನಾಲ್ಕು ಸಾಲು ಓದಿ ಒಬ್ಬಳೇ ನಕ್ಕೆ. ಮೇಲಿನದನ್ನು ಓದಿ ಸುಮ್ಮನೆ ಹೊರಗೆ ಹೋಗಿ ಬಂದೆ. ನಲ್ಲಿಯ ಸದ್ದು ಅವತ್ತು ಮೆಟ್ಟಿಲು ಇಳಿಯುವಾಗ ನನಗೆ ಕೇಳಿಸಿತ್ತು. ನೀವು ನನ್ನ ಮುಖ ನೋಡಲು ಇಷ್ಟವಿಲ್ಲದೆ ಒಳಗಿದ್ದೀರಿ ಎಂದುಕೊಂಡೆ.

ಇಲ್ಲಿಗೆ ಬರುವವರಿಗೆ ಕೆಲವು ಕಟ್ಟುಪಾಡುಗಳಿವೆ. ದಡಕ್ಕೆ ಇಳಿಯುವ ಮುನ್ನ ಹಡಗಿನಲ್ಲೇ ಬೂಟು ಉಜ್ಜಿ ತೊಳೆಯುತ್ತಾರೆ. ಜೇಬು, ಅಂಚು, ಮಡಿಕೆ ಎಲ್ಲ ತಡಕುತ್ತಾರೆ. ಹೊರಗಿನ ಒಂದು ಹುಲ್ಲಿನ ಬೀಜ ಬಿದ್ದರೂ ಇಲ್ಲಿಯ ನೆಲ ಕೆಡುತ್ತದೆ. ಪ್ರಾಣಿಗಳಿಂದ ಐದು ಮೀಟರ್ ದೂರ ನಿಲ್ಲಬೇಕು. ಅವೇ ಹತ್ತಿರ ಬಂದರೆ ನೀವು ಹಿಂದೆ ಸರಿಯಬೇಕು. ಪೆಂಗ್ವಿನ್‌ಗಳಿಗೆ ಈ ನಿಯಮ ಯಾರೂ ಹೇಳಿಲ್ಲ, ನೇರ ನಿಮ್ಮ ಬೂಟಿನ ಬಳಿ ಬಂದು ನಿಲ್ಲುತ್ತವೆ.

ಐದನೆಯವರು ಮೆಕ್ಯಾನಿಕ್. ಜನರೇಟರ್ ನೋಡಿಕೊಳ್ಳುತ್ತಾರೆ. ಮಾತು ಕಡಿಮೆ.

ಇದರ ಕೆಳಗೆ ಎರಡು ಸಾಲು ಹೊಡೆದುಹಾಕಿದ್ದೇನೆ, ಕ್ಷಮಿಸಿ. ಇಲ್ಲಿ ಕಾಗದ ಎಣಿಸಿ ಕೊಡುತ್ತಾರೆ, ಹಾಗಾಗಿ ಹರಿಯುವಂತಿಲ್ಲ. ನಿಮಗೆ ಹೇಳಬೇಕಾದದ್ದೊಂದು ಇದೆ. ಎದುರಿಗೆ ಹೇಳುತ್ತೇನೆ.

ದಾರಿ ನೋಡುತ್ತಿರುವ
ಸೊಸೆ

10 ಜನವರಿ, ಹಡಗಿನಿಂದ

ಸೊಸೆಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ. ಮೂರು ಗಂಟೆಯಲ್ಲಿ ಬಾಯಿಗೆ ಬಾರದೆ ಉಳಿದುಬಿಟ್ಟರೆ ಎಂದು ಬರೆದಿಟ್ಟುಕೊಳ್ಳುತ್ತಿದ್ದೇನೆ.

ಮೊದಲ ಮೂರು ದಿನ ಮಾತ್ರೆಗೂ ನನಗೂ ಹೊಂದಾಣಿಕೆ ಆಗಲಿಲ್ಲ. ನಾಲ್ಕನೆಯ ದಿನ ಎದ್ದು ಕೂತೆ. ಪಕ್ಕದ ಹಾಸಿಗೆಯವಳು ಗಡಿಯಾರ ರಿಪೇರಿ ಮಾಡುವಾಕೆ. ನಲವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವಳಿಗೆ ದೂರದ್ದನ್ನು ನೋಡುವ ಆಸೆಯಾಯಿತಂತೆ. ಡೆಕ್ ಮೇಲೆ ನಿಂತು ಏನೂ ಇಲ್ಲದ ಕಡೆ ನೋಡುತ್ತಾಳೆ. “ಏನ್ ಕಾಣತ್ತೆ?” ಎಂದರೆ “ಏನೂ ಇಲ್ಲ, ಅದೇ ಚೆಂದ” ಎನ್ನುತ್ತಾಳೆ.

ಇವತ್ತು ತಪಾಸಣೆ ಇತ್ತು. ನಾನು ಅವನ ಕೋಟು ಹಾಕಿಕೊಂಡು ಬಂದಿದ್ದೇನೆ. ಕಾರ್ಖಾನೆಗೆ ಹಾಕಿಕೊಂಡು ಹೋಗುತ್ತಿದ್ದನಲ್ಲ, ಬೂದು ಬಣ್ಣದ್ದು. ಊರವರ ಬಟ್ಟೆಯೆಲ್ಲ ಒಗೆದ ಕೈ ಇದು, ಆ ಕೋಟೊಂದನ್ನು ಮಾತ್ರ ಮೂರು ವರ್ಷದಿಂದ ನೀರಿಗೆ ಹಾಕಿರಲಿಲ್ಲ. ಯಾಕೆಂದು ನಿನಗೆ ಹೇಳಬೇಕಿಲ್ಲ. ನೀನೂ ಬೀರುವಿನ ಬಾಗಿಲು ತೆರೆದು ಅದರಲ್ಲಿ ಮುಖ ಇಟ್ಟದ್ದನ್ನು ನಾನು ಒಮ್ಮೆ ನೋಡಿದ್ದೇನೆ.

ಹಡಗಿನ ಮಾರ್ಗದರ್ಶಿ ಹುಡುಗಿ ಚಿಮಟ ಹಿಡಿದು ಜೇಬಿನ ಮೂಲೆಗೆ ಕೈ ಹಾಕಿದಳು. ಒಂದೊಂದಾಗಿ ಏಳು ಹುಲ್ಲಿನ ಬೀಜ ತೆಗೆದು ಬಿಳಿ ಕಾಗದದ ಮೇಲೆ ಇಟ್ಟಳು.

“ಇದನ್ನ ಯಾವಾಗ ಒಗೆದಿದ್ದು ಅಮ್ಮ?”

“ಒಗೆದಿಲ್ಲ.”

“ಎಷ್ಟು ದಿನದಿಂದ?”

“ಮೂರು ವರ್ಷ.”

ಅವಳು ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ, ಅದಕ್ಕೆ ಅವಳ ಮೇಲೆ ಗೌರವ ಬಂತು. ಆ ಬೀಜ ಕಾರ್ಖಾನೆಯ ಹಿಂದಿನ ಖಾಲಿ ಜಾಗದ್ದು. ಅಲ್ಲಿಂದ ಸೈಕಲ್ ತಳ್ಳಿಕೊಂಡು ಬರುತ್ತಿದ್ದ, ಹತ್ತಿರದ ದಾರಿ ಎಂದು.

“ವಾಪಸ್ ಕೊಡ್ತೀಯಾ?” ಎಂದೆ.

“ಕೊಡೋ ಹಾಗಿಲ್ಲ ಅಮ್ಮ. ಸುಡಬೇಕು. ಕೋಟೂ ಹೀಗೇ ದಡಕ್ಕೆ ಬರೋ ಹಾಗಿಲ್ಲ. ಇಲ್ಲೇ ಬಿಟ್ಟು ಬನ್ನಿ, ಇಲ್ಲಾಂದ್ರೆ ಒಗೀಬೇಕು.”

ಹಿಂದೆ ಸಾಲಿನಲ್ಲಿ ನಲವತ್ತು ಜನ. “ಸುಡು” ಎಂದೆ.

ಹಡಗಿನ ಬಟ್ಟೆ ಒಗೆಯುವಾತ ಮಿಷನ್‌ಗೆ ಹಾಕುತ್ತೇನೆ ಎಂದ. ಬೇಡಪ್ಪ, ಒಂದು ಬಕೆಟ್ ಕೊಡು ಸಾಕು ಎಂದೆ. ಮೊದಲ ನೀರು ಕಪ್ಪಗೆ ಬಂತು, ಮಿಷನ್ ಎಣ್ಣೆಯದ್ದು. ಮೂರನೆಯ ನೀರು ತಿಳಿಯಾಯಿತು. ವಾಸನೆ ಹೋಯಿತು. ಅಳುತ್ತೇನೆ ಎಂದುಕೊಂಡಿದ್ದೆ, ಅಳು ಬರಲಿಲ್ಲ. ಒಂದು ಗುಂಡಿ ಸಡಿಲವಾಗಿತ್ತು, ಹೊಲಿದೆ.

ಇದನ್ನು ಯಾರಿಗಾದರೂ ಹೇಳಬೇಕಿತ್ತು. ನಿನ್ನನ್ನು ಬಿಟ್ಟರೆ ಇದು ಅರ್ಥವಾಗುವವರು ಯಾರೂ ಇಲ್ಲ.

ಅತ್ತೆ

13 ಜನವರಿ, ಸಂಜೆ

ಅತ್ತೆಗೆ,

ನಿಮ್ಮ ಹಡಗು ಕಣ್ಮರೆಯಾಗಿ ಐದು ಗಂಟೆಯಾಯಿತು. ಇನ್ನೂ ಅದೇ ಕಡೆ ನೋಡುತ್ತಿದ್ದೇನೆ.

ನಿನ್ನೆ ಇಡೀ ದಿನ ಬಂಡೆಯ ಮೇಲೆ ನಿಂತಿದ್ದೆ. ಹಡಗು ಎದುರಿಗೇ ತೊಟ್ಟಿಲ ಹಾಗೆ ತೂಗುತ್ತಿತ್ತು, ಅಲೆ ತಗ್ಗಲಿಲ್ಲ. ಇಷ್ಟು ದೂರ ಕರೆಸಿ ನೀರಿನ ಮೇಲಿಂದಲೇ ಕಳಿಸಿಬಿಡುತ್ತೇನೆ ಎಂದುಕೊಂಡೆ. ಬೆಳಗ್ಗೆ ರೇಡಿಯೊದಲ್ಲಿ ಕ್ಯಾಪ್ಟನ್ “ಒಂದು ಗಂಟೆ ಹತ್ತು ನಿಮಿಷ, ಒಂದು ನಿಮಿಷವೂ ಹೆಚ್ಚಿಲ್ಲ” ಎಂದಾಗ ಬೂಟಿನ ಲೇಸನ್ನೂ ಕಟ್ಟದೆ ದಡಕ್ಕೆ ಓಡಿದೆ.

ಮೂರನೆಯ ದೋಣಿಯಲ್ಲಿ ನೀವಿದ್ದಿರಿ. ಎದೆಮಟ್ಟದ ನೀರಿನಲ್ಲಿ ನಿಂತು ದೋಣಿ ಹಿಡಿದು, ನಿಮ್ಮನ್ನು ಎರಡೂ ತೋಳಲ್ಲಿ ಎತ್ತಿ ಕಲ್ಲಿನ ಮೇಲೆ ಇಳಿಸಿದರಲ್ಲ, ಅವರೇ ಮೆಕ್ಯಾನಿಕ್. ನೀವು “ಬಿಡಪ್ಪ, ನಾನೇನು ಹಿಟ್ಟಿನ ಮೂಟೆಯಾ?” ಎಂದಿರಿ. ನನ್ನನ್ನು ನೋಡಿ ಮೊದಲು ಆಡಿದ ಮಾತು “ಕೂದಲು ಯಾರು ಕತ್ತರಿಸಿದ್ದು?” ಮೂರು ವರ್ಷದ ಮೇಲೆ! “ಇಲ್ಲೇ, ಠಾಣೆಯಲ್ಲೇ” ಎಂದು ತೇಲಿಸಿದೆ.

ಸೀಲ್‌ಗಳನ್ನು ನೀವು ನೋಡಿದ ರೀತಿ ಮರೆಯಲಾರೆ. ನೂರಾರು ಕೆಸರಲ್ಲಿ ಒಂದರ ಮೇಲೊಂದು ಬಿದ್ದು, ಹಳೆ ಚರ್ಮ ಉದುರಿಸುತ್ತ, ಸೀನುತ್ತ, ತೇಗುತ್ತ. “ಜನರಲ್ ವಾರ್ಡ್ ಇದ್ದ ಹಾಗಿದೆ” ಎಂದಿರಿ. ಗಡಿಯಾರದಾಕೆ ನಕ್ಕು ನಕ್ಕು ಕೂತುಬಿಟ್ಟರು. ಆಮೇಲೆ ಮೇಲೆ, ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳ ಗೂಡುಗಳ ಬಳಿಗೆ ಹೋದೆವು. ಇಳಿದು ಬಂದ ಹಕ್ಕಿ ಅಷ್ಟುದ್ದದ ರೆಕ್ಕೆಯನ್ನು ಮೂರು ಮಡಿಕೆ ಮಾಡಿ ಮೈಗೆ ಸೇರಿಸಿಕೊಂಡಾಗ, ದೊಡ್ಡ ಹೊದಿಕೆಯನ್ನು ಇಬ್ಬರು ಹಿಡಿದು ಮಡಚುವ ಹಾಗೆ ನಿಮ್ಮ ಎರಡೂ ಕೈ ತಾವಾಗಿ ಆಡಿದವು.

ಆಗ ಗುಂಪಿನಲ್ಲಿ ಯಾರೋ ಕೇಳಿದರು: “ಇವು ಜೀವನಪೂರ್ತಿ ಒಂದೇ ಜೋಡಿಯಂತೆ, ನಿಜವಾ?” ಹೌದು ಎಂದು ನಿಲ್ಲಿಸಬಹುದಿತ್ತು. “ಜೋಡಿ ಸತ್ತರೆ ಕೆಲವು ವರ್ಷ ಒಂಟಿಯಾಗಿ ಬರುತ್ತವೆ. ಆಮೇಲೆ ಎಷ್ಟೋ ಹಕ್ಕಿಗಳು ಇನ್ನೊಂದನ್ನ ಹುಡುಕಿಕೊಳ್ಳುತ್ತವೆ” ಎಂದೆ. ನೀವು ಹಕ್ಕಿಯನ್ನೇ ನೋಡುತ್ತಿದ್ದಿರಿ.

ಅಷ್ಟರಲ್ಲಿ ಗಾಳಿ ತಿರುಗಿತು, ಎಲ್ಲರೂ ಕೆಳಗೆ ಬನ್ನಿ ಎಂದು ರೇಡಿಯೊ ಕೂಗಿತು. ನಾನು ಚದುರಿದವರನ್ನು ಒಟ್ಟು ಮಾಡಲು ಓಡಿದೆ. ವಾಪಸ್ ಬರುವಷ್ಟರಲ್ಲಿ ನೀವು ದೋಣಿ ಹತ್ತುವ ಸಾಲಿನಲ್ಲಿದ್ದಿರಿ. ಕಾಗದವನ್ನು ಕೈಯಲ್ಲಿ ತುರುಕಿದಿರಿ, ಅಷ್ಟೇ.

ಅದನ್ನು ಈಗ ಓದಿದೆ. ಓದಿದ ಮೇಲೆ ನಾನು ಮುಚ್ಚಿಟ್ಟುಕೊಂಡು ಕೂರಲಾರೆ. ಕಳೆದ ಚಳಿಗಾಲದಿಂದ ಮೆಕ್ಯಾನಿಕ್ ಮತ್ತು ನಾನು ಜೊತೆಯಾಗಿದ್ದೇವೆ. ಮದುವೆಯಾಗಬೇಕೆಂದಿದ್ದೇವೆ. ಒಪ್ಪಿಗೆ ಕೊಡಿ ಎಂದು ಕೇಳಿದರೆ ಅದು ನಾಟಕವಾಗುತ್ತದೆ, ನೀವು ಬೇಡವೆಂದರೂ ಆಗುತ್ತೇನೆ. ಆದರೆ ನಿಮಗೆ ಹೇಳದೆ ಆಗುವುದಿಲ್ಲ.

ಬಯ್ಯುವುದಿದ್ದರೆ ಬಯ್ದು ಬರೆಯಿರಿ. ಬರೆಯದೆ ಇರಬೇಡಿ.

ಸೊಸೆ

19 ಏಪ್ರಿಲ್

ಸೊಸೆಗೆ,

ಬಯ್ದು ಎರಡು ಕಾಗದ ಬರೆದಿದ್ದೇನೆ. ಎರಡೂ ಚೆನ್ನಾಗಿ ಬಂದಿವೆ. ಕಳಿಸುವುದಿಲ್ಲ.

ನಿನ್ನ ಕಾಗದ ಬರುವ ಮೊದಲೇ ನನಗೆ ಗೊತ್ತಿತ್ತು. ಮಾತು ಕಡಿಮೆ ಎಂದು ನೀನು ಬರೆದಾಗಲೇ ಅರ್ಧ ಗೊತ್ತಾಯಿತು. ಉಳಿದರ್ಧ ದಡದಲ್ಲಿ. ನೀನು ಜನರನ್ನು ಅಟ್ಟಿಕೊಂಡು ಬರಲು ಹೋದಾಗ ನಾನು ಮೊಣಕಾಲು ನೋವೆಂದು ಜನರೇಟರ್ ಶೆಡ್ಡಿನ ಮೆಟ್ಟಿಲ ಮೇಲೆ ಕೂತೆ. ಅವನು ಚಹಾ ತಂದುಕೊಟ್ಟ. ಮೈಯೆಲ್ಲ ಒದ್ದೆ, ಹಲ್ಲು ಕಟಕಟ ಅನ್ನುತ್ತಿದೆ, ಚಹಾ ಮಾತ್ರ ನನಗೆ.

“ಅವಳ ಕೂದಲು ಕತ್ತರಿಸಿದ್ದು ಯಾರು?” ಎಂದೆ.

ಅವನ ಕಿವಿ ಕೆಂಪಗಾಯಿತು. “ನಾನೇ.”

“ಎಡಗಡೆ ಅರ್ಧ ಇಂಚು ಉದ್ದ ಬಿಟ್ಟಿದ್ದೀಯ.”

“ಅವರು ಅಲ್ಲಾಡಿಬಿಟ್ರು.”

“ಅವಳು ಅಲ್ಲಾಡ್ತಾಳೆ. ಊಟ ಮಾಡ್ತಾಳಾ ಸರಿಯಾಗಿ? ನಗ್ತಾಳಾ?”

“ಬಂದಾಗ ನಗ್ತಿರಲಿಲ್ಲ. ಈಗ ನಗ್ತಾರೆ. ನಿಮ್ಮ ಮಗನ ವಿಷಯ ಹೇಳುವಾಗ ಜಾಸ್ತಿ ನಗ್ತಾರೆ.”

“ಏನು ಹೇಳ್ತಾಳೆ?”

“ಅದೇ, ಕೊಡೆ ಹಿಡ್ಕೊಂಡು ಬಸ್ ನಿಲ್ಲಿಸಿದ್ದು.”

ಯಾವ ಕೊಡೆ? ಯಾವ ಬಸ್ಸು? ನನಗೆ ಗೊತ್ತಿಲ್ಲ ಎಂದು ಅವನ ಮುಂದೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. “ಹೂಂ, ಅದಾ” ಎಂದು ಚಹಾ ಕುಡಿದೆ.

ಒಂಬತ್ತು ದಿನದ ವಾಪಸ್ ದಾರಿಯುದ್ದಕ್ಕೂ ನನಗೆ ಇದ್ದ ಸಿಟ್ಟು ಅದೊಂದೇ. ನೀನು ಇನ್ನೊಬ್ಬನ ಕೈ ಹಿಡಿದದ್ದಕ್ಕಲ್ಲ. ಮೂವತ್ತನಾಲ್ಕು ವಯಸ್ಸಿನವಳು ಹಳೆ ಕೋಟಿಗೆ ಮುಖ ಒತ್ತಿಕೊಂಡು ಎಷ್ಟು ದಿನ ಇರುತ್ತೀ? ಆದರೆ ಭೂಮಿಯ ತುದಿಯಲ್ಲಿರುವ ಯಾರೋ ಒಬ್ಬ ಮೆಕ್ಯಾನಿಕ್‌ಗೆ ನನ್ನ ಮಗನ ಒಂದು ದಿನ ಗೊತ್ತಿದೆ, ನನಗೆ ಗೊತ್ತಿಲ್ಲ. ನನ್ನ ಹತ್ತಿರ ಇರುವ ದಿನಗಳನ್ನೆಲ್ಲ ತಿರುವಿ ತಿರುವಿ ಹಾಕಿ ಸವೆಸಿದ್ದೇನೆ. ಹೊಸದೊಂದು ಇತ್ತು, ಅದನ್ನು ನೀನು ನನಗೆ ಕೊಡಲಿಲ್ಲ.

ಹಕ್ಕಿಯ ಕಥೆ ಹೇಳಿದೆಯಲ್ಲ, ಅದು ನನಗೆ ಬೇಕಾಗಿರಲಿಲ್ಲ. ಹಕ್ಕಿ ಮಾಡುವುದು ಹಕ್ಕಿಗೆ. ನೀನು ನನ್ನ ಮುಖ ನೋಡಿ “ಅತ್ತೆ, ಹೀಗಿದೆ” ಎಂದಿದ್ದರೆ ಅರ್ಧ ನಿಮಿಷ ಸಾಕಾಗಿತ್ತು. ಒಂದು ಗಂಟೆ ಹತ್ತು ನಿಮಿಷ ಇತ್ತು.

ಆ ಬಸ್ಸಿನ ವಿಷಯ ಬರೆದು ಕಳಿಸು. ಆಮೇಲೆ ಮಿಕ್ಕದ್ದು.

ಅತ್ತೆ

11 ಜೂನ್

(ಈ ಸಾಲು ಖಾಲಿ ಬಿಟ್ಟಿದ್ದೇನೆ)

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಮೇಡಂ ಎಂದರೆ ಆಫೀಸಿಗೆ ಅರ್ಜಿ ಬರೆದ ಹಾಗಾಗುತ್ತದೆ. ಅಮ್ಮ ಎನ್ನಲು ಧೈರ್ಯ ಸಾಲದು. ನಾನು ಮೆಕ್ಯಾನಿಕ್. ನಿಮ್ಮ ಸೊಸೆ ನಿಮ್ಮ ಕಾಗದ ಓದಿ ಬಹಳ ಅತ್ತರು. “ಬಾಯಿ ಬಿಟ್ಟವರು ನೀವು, ನೀವೇ ಬರೀರಿ” ಎಂದು ಪೆನ್ನು ಕೊಟ್ಟರು. ನನಗೆ ಬರೆದು ಅಭ್ಯಾಸವಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ. ಬರೆದದ್ದನ್ನು ಅವರು ನೋಡಿ ತಿದ್ದಿದ್ದಾರೆ.

ನಿಮ್ಮ ಮಗನಿಗೂ ಇವರಿಗೂ ಆಗ ಇನ್ನೂ ಪರಿಚಯವಿರಲಿಲ್ಲ. ಸಂಜೆ, ಜೋರು ಮಳೆ. ಕೊನೆಯ ಬಸ್ಸು ನಿಲ್ದಾಣದಲ್ಲಿ ನಿಲ್ಲದೆ ಹೊರಟಿತ್ತು. ನಿಮ್ಮ ಮಗ ಕೆಂಪು ಬಣ್ಣದ ಹೆಂಗಸರ ಕೊಡೆ ಬಿಚ್ಚಿ ರಸ್ತೆಯ ನಡುವೆ ನಿಂತು ಆಚೀಚೆ ಬೀಸಿದರಂತೆ. ಬಸ್ಸು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಬಾಯಿಗೆ ಬಂದ ಹಾಗೆ ಬಯ್ದರು. ನಿಮ್ಮ ಮಗ, “ನನಗಲ್ಲ ಸಾರ್, ನೋಡಿ, ಆ ಅಜ್ಜಿ ಎಷ್ಟೊತ್ತಿಂದ ನೆನೀತಾ ಕೂತಿದ್ದಾರೆ” ಎಂದು ಕಲ್ಲುಬೆಂಚಿನ ಕಡೆ ಕೈ ತೋರಿಸಿದರು. ಅಜ್ಜಿ ಅಲ್ಲಿಂದಲೇ, “ನಾನೆಲ್ಲಪ್ಪ ಬಸ್ಸಿಗೆ ಕಾಯ್ತಿದ್ದೀನಿ? ನನ್ನ ಮಗ ಬರ್ತಾನೆ ಅಂತ ಕೂತಿದ್ದೀನಿ” ಎಂದರು. ಇಡೀ ಬಸ್ಸು ಗೊಳ್ಳೆಂದಿತು. ಬಸ್ಸು ಹೊರಟೇ ಹೋಯಿತು, ಅವರನ್ನೂ ಹತ್ತಿಸಿಕೊಳ್ಳದೆ.

ಆ ಬಸ್ಸಿನ ಹಿಂದಿನ ಕಿಟಕಿಯಲ್ಲಿ ನಿಮ್ಮ ಸೊಸೆ ಇದ್ದರು. ತಿರುಗಿ ನೋಡಿದಾಗ ನಿಮ್ಮ ಮಗ ಅಜ್ಜಿಯ ಪಕ್ಕ ಕೂತು, ಕೊಡೆಯನ್ನು ಪೂರ್ತಿ ಅವರ ಕಡೆ ವಾಲಿಸಿ ಹಿಡಿದು, ತಾವು ನೆನೆಯುತ್ತಿದ್ದರಂತೆ. ಅಜ್ಜಿಯ ಮಗ ಬರುವವರೆಗೂ ಕೂತಿದ್ದು, ಆಮೇಲೆ ನಡೆದೇ ಮನೆಗೆ ಬಂದದ್ದು ಎಂದು ಮದುವೆಯಾದ ಮೇಲೆ ಹೇಳಿದರಂತೆ. ಲೈಬ್ರರಿಯಲ್ಲಿ ಪರಿಚಯವಾಯಿತು ಎಂದು ನಿಮಗೆ ಹೇಳಿದ್ದಾರಂತೆ. ಅದು ಸುಳ್ಳಲ್ಲ, ಆದರೆ ಇವರು ನೋಡಿದ್ದು ಅವತ್ತೇ ಮೊದಲು.

ನನಗೆ ತಿಳಿದದ್ದು ಇಷ್ಟೇ. ನಿಮ್ಮ ಮಗನನ್ನು ನಾನು ನೋಡಿಲ್ಲ. ನೋಡಿದ್ದರೆ ಸ್ನೇಹವಾಗುತ್ತಿತ್ತು ಅನ್ನಿಸುತ್ತದೆ. ಹೀಗೆ ಬರೆಯುವುದು ತಪ್ಪಾದರೆ ಕ್ಷಮಿಸಿ.

ಡಿಸೆಂಬರಿಗೆ ನಮ್ಮಿಬ್ಬರದ್ದೂ ಇಲ್ಲಿಯ ಕೆಲಸ ಮುಗಿಯುತ್ತದೆ. ನೀವು ಹೇಳಿದರೆ ಮಾತ್ರ ಬರುತ್ತೇವೆ.

ಇಂತು,
ಮೆಕ್ಯಾನಿಕ್

28 ಜುಲೈ

ಮೆಕ್ಯಾನಿಕ್‌ಗೆ,

ಆ ಕೆಂಪು ಕೊಡೆ ನನ್ನದು. ಬೆಳಗ್ಗೆ ಕೇಳದೆ ತೆಗೆದುಕೊಂಡು ಹೋಗಿದ್ದ. ಒಂಬತ್ತು ಗಂಟೆಗೆ ಮೈಯಿಂದ ನೀರಿಳಿಸುತ್ತ ಬಾಗಿಲಲ್ಲಿ ನಿಂತು, “ಓವರ್‌ಟೈಮ್ ಇತ್ತಮ್ಮ” ಎಂದ. ಕೊಡೆ ಕೈಯಲ್ಲಿದ್ದೂ ನೆನೆದು ಬಂದಿದ್ದೀಯಲ್ಲ, ಬುದ್ಧಿ ಇದೆಯಾ ಎಂದು ನಾನು ಬಯ್ದೆ. ನಗುತ್ತ ನಿಂತಿದ್ದ. ಆ ನಗು ಯಾಕೆಂದು ಹನ್ನೊಂದು ವರ್ಷದ ಮೇಲೆ ನಿನ್ನ ಕಾಗದದಿಂದ ಗೊತ್ತಾಯಿತು. ಮೊದಲು ನಕ್ಕೆ. ಆಮೇಲೆ, ಹಡಗಿನಲ್ಲಿ ಬಾರದ ಅಳು ಬಂತು. ಕೆಳಮನೆ ಟೀಚರ್ ಗಾಬರಿಯಾಗಿ ಮೇಲೆ ಓಡಿ ಬಂದರು. ಅವರಿಗೂ ಓದಿ ಹೇಳಿದೆ. ಈ ಸಲ ನಾನೇ ಗಟ್ಟಿಯಾಗಿ ಓದಿದೆ.

ಡಿಸೆಂಬರಿನಲ್ಲಿ ಬನ್ನಿ. ಒಳಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ನೀನು ಬಂದು ನೋಡು. ಇಬ್ಬರೂ ಎಷ್ಟು ದಿನ ಇರುತ್ತೀರೋ ನಿಮಗೆ ಬಿಟ್ಟದ್ದು. ನನ್ನ ಮಗನ ಫೋಟೋ ಗೋಡೆಯ ಮೇಲಿದೆ, ಅಲ್ಲೇ ಇರುತ್ತದೆ. ಅದರ ಕೆಳಗೆ ಕೂತು ಊಟ ಮಾಡಲು ನಿನಗೆ ಮುಜುಗರವಾದರೆ ಮೊದಲ ದಿನ ಆಗಲಿ. ಎರಡನೆಯ ದಿನ ಸರಿಹೋಗುತ್ತದೆ.

ಕರೆಯುವ ವಿಷಯ. ಸೊಸೆಯ ಎರಡನೆಯ ಗಂಡ ನನಗೆ ಏನಾಗಬೇಕು ಎಂದು ಟೀಚರನ್ನು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನಿಘಂಟು ತಿರುವಿದರು. ಪದ ಸಿಗಲಿಲ್ಲ. ನಾನು ನಿನಗೆ ಏನಾಗಬೇಕು ಎಂದು ನೋಡಲು ನಿಘಂಟು ಬೇಕಾಗಲಿಲ್ಲ. ಗಂಡನ ತಾಯಿಯೂ ಅತ್ತೆ, ಹೆಂಡತಿಯ ತಾಯಿಯೂ ಅತ್ತೆ. ಅವಳು ಒಂದು ಅರ್ಥದಲ್ಲಿ ಕರೆಯಲಿ, ನೀನು ಇನ್ನೊಂದು ಅರ್ಥದಲ್ಲಿ ಕರೆ. ಬಾಗಿಲಲ್ಲಿ ನಿಂತು ಕೂಗಿದರೆ ಒಳಗೆ ನನಗೆ ಕೇಳಿಸುವುದು ಒಂದೇ.

ಇನ್ನು ಮೇಲೆ ಮೊದಲ ಸಾಲು ಖಾಲಿ ಬಿಡಬೇಡ.

ಅತ್ತೆ